ಆಕಿನ್ನ ಒಂದ್ ಮಾತ್ ಕೇಳಬೇಕಿತ್ತು

ಬೇಸಿಗೆಯಲ್ಲಿ ಮುದಗಲ್‌ನಲ್ಲಿ ಮನೆಯೊಳಗೆ ಮಲಗೋದು ಕಷ್ಟ. ರಾತ್ರಿ ಒಂಬತ್ತಾಯ್ತು ಅಂದ್ರೆ ನಮ್ಮ ಓಣಿಯವರೆಲ್ಲ ಚಾಪೆ, ಕೌದಿ, ನೀರಿನ ತಂಬಿಗೆ ಹಿಡ್ಕೊಂಡು ಮಾಳಿಗೆ ಹತ್ತುತ್ತಾರೆ. ಕಳೆದ ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದಾಗ ನಾವೂ ಹಾಗೇ ಹತ್ತಿದ್ವಿ. ಅಪ್ಪ ಮಲಗಿದ ಐದೇ ನಿಮಿಷಕ್ಕೆ ಗೊರಕೆ. ನನಗೆ, ನನ್ನ ಹೆಂಡತಿಗೆ ಬೆಂಗಳೂರಿನ ರೂಢಿ, ಹನ್ನೆರಡರ ತನಕ ನಿದ್ದೆ ಹತ್ತಲ್ಲ. ಲ್ಯಾಪ್‌ಟಾಪನ್ನು ಒಂದು ಖಾಲಿ ಡಬ್ಬಿ ಮೇಲಿಟ್ಟು, ಫೋನಿನ ಹಾಟ್‌ಸ್ಪಾಟ್ ಹಚ್ಚಿ, 'ಓಂಕಾರ' ಸಿನಿಮಾ ಹಾಕಿದೆ. ಅವ್ವ "ನಾನೂ ನೋಡ್ತೀನಿ" ಅಂತ ದಿಂಬು ಎಳ್ಕೊಂಡು ಬಂದಳು.

2006ರ ಸಿನಿಮಾ ಅದು. ವಿಶಾಲ್ ಭಾರದ್ವಾಜ್ ನಿರ್ದೇಶನ. ನೀವು ಶಾಲೆಯಲ್ಲಿದ್ದಾಗ 'ಬೀಡಿ ಜಲೈಲೆ' ಹಾಡು ಕೇಳಿರ್ತೀರಿ, ಸಿನಿಮಾ ನೋಡಿರದೇ ಇರಬಹುದು. ಶೇಕ್ಸ್‌ಪಿಯರ್‌ನ 'ಒಥೆಲೋ' ನಾಟಕವನ್ನು ಎತ್ತಿ ಉತ್ತರ ಪ್ರದೇಶದ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ಇಟ್ಟಿದ್ದಾರೆ. 1604ರ ನವೆಂಬರ್ 1ರಂದು ಲಂಡನ್ನಿನ ಅರಮನೆಯಲ್ಲಿ ಆಡಿದ ನಾಟಕ, ನಾಲ್ಕು ನೂರು ವರ್ಷ ಆದ ಮೇಲೆ ಜೀಪು, ಬಂದೂಕು, ಚುನಾವಣೆ, ಮೊಬೈಲ್ ಫೋನುಗಳ ನಡುವೆ ಬಂದು ಕೂತಿದೆ. ಇನ್ನೊಂದು ವಿಷಯ ಗೊತ್ತಾ? ಕಥೆ ಉತ್ತರ ಪ್ರದೇಶದ್ದಾದರೂ ಸಿನಿಮಾದ ಬಹಳಷ್ಟು ಭಾಗ ಚಿತ್ರೀಕರಣ ಆಗಿದ್ದು ಮಹಾರಾಷ್ಟ್ರದ ವಾಯಿಯಲ್ಲಿ, ಕೃಷ್ಣಾ ನದಿ ದಂಡೆಯ ಊರಲ್ಲಿ. ಅದೇ ನೀರು ಮುಂದೆ ಹರಿದು ನಮ್ಮ ಲಿಂಗಸುಗೂರು ತಾಲೂಕಿಗೆ ಬರುತ್ತೆ. ಇದನ್ನ ಹೇಳಿದ್ರೆ ಅವ್ವ, "ಹಂಗಾರ ನಮ್ಮವರ ಸಿನಿಮಾನ ಬಿಡು" ಅಂದಳು.

ಹಿಂದಿ ನಮ್ಮ ಕಡೆ ಹೊಸದೇನಲ್ಲ. ಓಣಿಯಲ್ಲಿ ದಖನಿ ಕೇಳ್ತಾನೇ ಬೆಳೆದವರು ನಾವು. ಆದರೆ ಈ ಸಿನಿಮಾದ ಹಿಂದಿ ಬೇರೆ ಥರ, ನನಗೇ ಸಬ್‌ಟೈಟಲ್ ಬೇಕಾಗುತ್ತೆ. ಹಾಗಾಗಿ ಅವ್ವನಿಗೆ ಕಥೆ ಹೇಳೋ ಕೆಲಸ ನನ್ನದಾಯ್ತು.

ಓಂಕಾರ ಒಬ್ಬ ರಾಜಕಾರಣಿಯ ಬಲಗೈ. ಊರಿಗೆಲ್ಲ ಅವನ ಹೆಸರು ಕೇಳಿದ್ರೆ ನಡುಕ. ತಂದೆ ಬ್ರಾಹ್ಮಣ, ತಾಯಿ ಕೆಳಜಾತಿಯವಳು, ಅದಕ್ಕೇ ಜನ ಹಿಂದಿನಿಂದ ಅವನನ್ನ 'ಅರ್ಧ' ಅಂತಾರೆ. ಡಾಲಿ ವಕೀಲರ ಮಗಳು, ಓದಿದವಳು. ಇವನನ್ನ ಮೆಚ್ಚಿ, ಅಪ್ಪ ಗೊತ್ತು ಮಾಡಿದ ಮದುವೆ ಬಿಟ್ಟು ಬರ್ತಾಳೆ. ಲಂಗಡಾ ತ್ಯಾಗಿ ಓಂಕಾರನ ಹಳೇ ಜೊತೆಗಾರ. ತನಗೆ ಸಿಗಬೇಕಿದ್ದ ಪಟ್ಟ ಕೇಸು ಅನ್ನೋ ಓದಿದ ಹುಡುಗನಿಗೆ ಹೋಯ್ತು ಅಂತ ಅವನಿಗೆ ಉರಿ. ಅಲ್ಲಿಂದ ಓಂಕಾರನ ಕಿವಿಯಲ್ಲಿ ಸಣ್ಣಗೆ ಒಂದೊಂದೇ ಮಾತು ಹಾಕ್ತಾ ಹೋಗ್ತಾನೆ: ಡಾಲಿಗೂ ಕೇಸುಗೂ ಏನೋ ಇದೆ.

ಇಂಟರ್‌ವಲ್ ಹೊತ್ತಿಗೆ ಅವ್ವ ಎದ್ದು ಕೂತಿದ್ದಳು. "ಏ ತಮ್ಮಾ, ಇದು ನಮ್ಮ ಸಂಗ್ಯಾ ಬಾಳ್ಯಾ ಇದ್ದಂಗ ಐತಲ್ಲೋ!"

ನಮ್ಮ ಭಾಗದ ಓದುಗರಿಗೆ ಸಂಗ್ಯಾ ಬಾಳ್ಯಾ ಏನು ಅಂತ ಹೇಳಬೇಕಿಲ್ಲ. ಬೈಲಹೊಂಗಲ ಕಡೆ ನಡೆದದ್ದು ಅಂತ ಹೇಳುವ ಒಂದು ಕೊಲೆಯಿಂದ ಹುಟ್ಟಿದ ಸಣ್ಣಾಟ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನಿಗೆ ಮನಸ್ಸು. ಜೀವದ ಗೆಳೆಯ ಬಾಳ್ಯಾನೇ ಕೊನೆಗೆ ಸಂಗ್ಯಾನನ್ನು ಕೊಲ್ಲುವವರ ಕೈಗೆ ಕೊಡ್ತಾನೆ. ಅವ್ವ ಸಣ್ಣಾಕಿ ಇದ್ದಾಗ ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ನೋಡಿದ್ದಳಂತೆ. ಬಾಳ್ಯಾನ ಪಾತ್ರ ಮಾಡಿದವನಿಗೆ ಮರುದಿನ ಚಹಾದಂಗಡಿಯಲ್ಲಿ ಯಾರೋ ಬೈದಿದ್ದು ಅವಳಿಗೆ ಇನ್ನೂ ನೆನಪಿದೆ.

ನಾನು ಎಂಜಿನಿಯರು, ಹೋಲಿಕೆ ಅಂದ ಕೂಡಲೇ ವ್ಯತ್ಯಾಸ ಹುಡುಕೋ ಬುದ್ಧಿ. "ಯವ್ವಾ, ಗಂಗಿಗೆ ಸಂಗ್ಯಾನ ಮ್ಯಾಲೆ ಖರೇನ ಮನಸಿತ್ತು. ಇಲ್ಲಿ ಡಾಲಿ ಏನೂ ಮಾಡಿಲ್ಲ" ಅಂದೆ. "ಅದ ಗೊತ್ತೈತಿ. ಗೆಳ್ಯಾನ ಬಗ್ಗೆ ಹೇಳಾಕತ್ತೀನಿ ನಾ" ಅಂದಳು. ಸುಮ್ಮನಾದೆ. ಅವಳು ಹೇಳಿದ್ದು ಸರಿ. ಶತ್ರು ಹೇಳಿದ ಮಾತನ್ನ ಯಾರೂ ನಂಬಲ್ಲ. ಇಂಥ ಕಥೆ ನಡೆಯೋಕೆ ಗೆಳೆಯನೇ ಬೇಕು.

ಒಂದು ಹಳೇ ದುರಂತ ನಾಟಕವನ್ನ ಇವತ್ತಿನ ಕಾಲಕ್ಕೆ ತರೋದು ಅಂದ್ರೆ ಕಿರೀಟ ತೆಗೆದು ಪ್ಯಾಂಟು ಹಾಕೋದಲ್ಲ. ಅವತ್ತು ಆ ಮನುಷ್ಯರನ್ನ ಸಾವಿನ ತನಕ ತಳ್ಳಿದ್ದು ಏನೋ, ಅದು ನಮ್ಮ ನಡುವೆ ಇವತ್ತೂ ಇದೆಯಾ ಅಂತ ಹುಡುಕಬೇಕು. ಇಲ್ಲದಿದ್ರೆ ನೋಡುವವರಿಗೆ "ಅಯ್ಯೋ, ಇಷ್ಟಕ್ಕೆ ಕೊಲ್ತಾನಾ?" ಅನ್ನಿಸುತ್ತೆ. ಮೂಲ ನಾಟಕದಲ್ಲಿ ಒಥೆಲೋನ ಚರ್ಮದ ಬಣ್ಣ ಕಪ್ಪು, ಅವನು ಹೊರಗಿನವನು. ಎಷ್ಟು ಯುದ್ಧ ಗೆದ್ದರೂ ಈ ಹುಡುಗಿ ನಿಜವಾಗ್ಲೂ ನನ್ನನ್ನ ಮೆಚ್ಚಿದಳಾ ಅನ್ನೋ ಅಳುಕು ಒಳಗೆ ಇರುತ್ತೆ. ನಮ್ಮಲ್ಲಿ ಆ ಜಾಗದಲ್ಲಿ ಏನಿದೆ? ಜಾತಿ ಇದೆ. ಭಾರದ್ವಾಜ್ ಅದನ್ನೇ ಇಟ್ಟರು. ಕೆಳಗೆ ಓಣಿಯಲ್ಲಿ ಆಡುವ ಹುಡುಗರಿಗೂ ಅರ್ಥ ಆಗೋ ಬದಲಾವಣೆ.

ಮಲಯಾಳಂನಲ್ಲಿ 1997ರಲ್ಲೇ ಜಯರಾಜ್ ಇದೇ ನಾಟಕವನ್ನ 'ಕಳಿಯಾಟ್ಟಂ' ಅಂತ ಮಾಡಿದ್ರು. ಅಲ್ಲಿ ಒಥೆಲೋ ಒಬ್ಬ ತೆಯ್ಯಂ ಕಲಾವಿದ. ಕಾಸರಗೋಡು ಕಡೆಯ ಕನ್ನಡಿಗರು ತೆಯ್ಯಂ ನೋಡಿಯೇ ಇರ್ತಾರೆ. ವೇಷ ಹಾಕಿದಾಗ ಊರಿಗೆ ಊರೇ ಕೈ ಮುಗಿಯುತ್ತೆ, ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಮತ್ತೆ ತನ್ನ ಜಾತಿಗೆ ವಾಪಸ್. ಆ ಪಾತ್ರಕ್ಕೆ ಸುರೇಶ್ ಗೋಪಿಗೆ ರಾಷ್ಟ್ರಪ್ರಶಸ್ತಿ ಬಂತು.

ಕನ್ನಡಕ್ಕೆ ಒಥೆಲೋ ಇದಕ್ಕೂ ನೂರು ವರ್ಷ ಮೊದಲೇ ಬಂದಿದ್ದ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅವನನ್ನ 'ಶೂರಸೇನ ಚರಿತ್ರೆ' ಮಾಡಿದ್ರು. ಆ ಕಾಲದ ನಮ್ಮ ಪ್ರೇಕ್ಷಕರಿಗೆ ರಂಗದ ಮೇಲೆ ಒಳ್ಳೆಯವರು ಸಾಯೋದು ಸುಲಭವಾಗಿ ಒಗ್ಗುತ್ತಿರಲಿಲ್ಲ. 1889ರ 'ರಾಮವರ್ಮ ಲೀಲಾವತಿ' ಅನ್ನೋ ನಾಟಕ ರೋಮಿಯೋ ಜೂಲಿಯೆಟ್ ಕಥೆ, ಅದರ ಕೊನೆಯಲ್ಲಿ ಸಾಕ್ಷಾತ್ ವಿಷ್ಣು ಬಂದು ಪ್ರೇಮಿಗಳನ್ನ ಬದುಕಿಸ್ತಾನೆ! ನಗಬೇಡಿ. ಓಂಕಾರ ನೋಡೋವಾಗ ಕೊನೆಯ ಹತ್ತು ನಿಮಿಷ ನನಗೂ ಯಾರಾದ್ರೂ ಬರಲಿ ಅನ್ನಿಸಿತ್ತು.

ಈಗ ಡಾಬಿನ ವಿಷಯಕ್ಕೆ ಬರ್ತೀನಿ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಎಲ್ಲ ಕೆಡೋದು ಒಂದು ಕರವಸ್ತ್ರದಿಂದ. ಒಥೆಲೋ ಹೆಂಡತಿಗೆ ಕೊಟ್ಟ ಮೊದಲ ಉಡುಗೊರೆ ಅದು. ಕಳೆದುಹೋಗಿ ಬೇರೊಬ್ಬನ ಕೈಯಲ್ಲಿ ಸಿಗುತ್ತೆ, ಅಷ್ಟೇ ಸಾಕಾಗುತ್ತೆ. ಕಾಲೇಜಿನಲ್ಲಿ ಈ ಕಥೆಯ ಸಾರಾಂಶ ಓದಿದಾಗ ನನಗೆ ನಗು ಬಂದಿತ್ತು. ನಮ್ಮಪ್ಪನ ಕರವಸ್ತ್ರ ವಾರಕ್ಕೊಂದು ಕಳೀತಿತ್ತು, ಯಾರೂ ಯಾರನ್ನೂ ಕೊಂದಿರಲಿಲ್ಲ. ಓಂಕಾರದಲ್ಲಿ ಕರವಸ್ತ್ರದ ಬದಲು ಸೊಂಟಕ್ಕೆ ಕಟ್ಟೋ ಆಭರಣ ಇದೆ. ಹಿಂದಿಯಲ್ಲಿ ಕಮರಬಂಧ, ನಮ್ಮ ಕಡೆ ಡಾಬು. ಮನೆತನದಿಂದ ಬಂದದ್ದು, ಸೊಸೆಯಾಗಿ ಬರುವವಳಿಗೆ ಕೊಡೋದು.

ಪರದೆ ಮೇಲೆ ಅದು ಕಂಡ ಕೂಡಲೇ ಅವ್ವನ ಕೈ ತನ್ನ ಸೊಂಟಕ್ಕೆ ಹೋಯ್ತು. ಅವ್ವನ ಬೆಳ್ಳಿ ಡಾಬನ್ನು ನನ್ನ ಎಂಜಿನಿಯರಿಂಗ್ ಮೊದಲ ವರ್ಷದ ಫೀಸಿಗೆ ಅಡವು ಇಟ್ಟಿದ್ವಿ. ಬಿಡಿಸ್ಕೊಳ್ಳೋಕೆ ಮೂರು ವರ್ಷ ಬೇಕಾಯ್ತು. ನನ್ನ ಮದುವೆಯಲ್ಲಿ ಅದನ್ನ ಪಾಲಿಶ್ ಮಾಡಿಸಿ ಸೊಸೆಯ ಸೊಂಟಕ್ಕೆ ತಾನೇ ಕಟ್ಟಿದಳು. ಕೇಸು ಆ ಕಮರಬಂಧವನ್ನ ತನ್ನ ಗೆಳತಿ ಬಿಲ್ಲೋಗೆ ಕೊಟ್ಟಿದ್ದು ಗೊತ್ತಾದಾಗ ಅವ್ವನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. "ಮುಗೀತು ಆಕಿ ಕತಿ" ಅಂದಳು. ನಾಲ್ಕು ನೂರು ವರ್ಷದ ಹಿಂದಿನ ಕರವಸ್ತ್ರ ಹೇಗೆ ಒಬ್ಬಳ ಜೀವ ತೆಗೀತು ಅಂತ ನನಗೂ ಅವತ್ತೇ ತಿಳಿದದ್ದು.

ನಿಜಕ್ಕೂ ಅದನ್ನ ಕದ್ದವಳು ಇಂದು, ಲಂಗಡಾನ ಹೆಂಡತಿ. ತಾನು ಎತ್ತಿದ್ದು ಯಾವುದಕ್ಕೆ ಬಳಕೆಯಾಗುತ್ತೆ ಅಂತ ಅವಳಿಗೆ ಗೊತ್ತಿರಲ್ಲ. ಮದುವೆಯ ರಾತ್ರಿಯೇ ಓಂಕಾರ ಡಾಲಿಯನ್ನ ಉಸಿರುಗಟ್ಟಿಸಿ ಕೊಲ್ತಾನೆ. ಆಮೇಲೆ ಇಂದುಗೆ ಎಲ್ಲ ಗೊತ್ತಾಗುತ್ತೆ. ಮೂಲ ನಾಟಕದಲ್ಲಿ ಆ ಹೆಂಗಸು ಗಂಡನ ಕೈಯಲ್ಲಿ ಸಾಯ್ತಾಳೆ, ಗಂಡ ಬದುಕಿ ಉಳೀತಾನೆ. ಇಲ್ಲಿ ಅವಳೇ ಗಂಡನನ್ನ ಕತ್ತರಿಸಿ ಹಾಕ್ತಾಳೆ. ಆ ಪಾತ್ರ ಮಾಡಿದ ಕೊಂಕಣಾ ಸೇನ್ ಶರ್ಮಾಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಓಂಕಾರ ತಾನೂ ಸಾಯ್ತಾನೆ.

ಲ್ಯಾಪ್‌ಟಾಪ್ ಮುಚ್ಚಿದೆ. ಸ್ವಲ್ಪ ಹೊತ್ತು ಅಪ್ಪನ ಗೊರಕೆ ಮಾತ್ರ ಕೇಳ್ತಿತ್ತು. ಅವ್ವ ದಿಂಬು ಎತ್ಕೊಂಡು ತನ್ನ ಜಾಗಕ್ಕೆ ಹೋಗ್ತಾ ಹೇಳಿದಳು: "ಅಲ್ಲೋ, ಅಷ್ಟ್ ಮಂದಿ ಅದಾರ ಮನ್ಯಾಗ. ಬಂದೂಕ ಅದಾವ, ಜೀಪ್ ಅದಾವ. ಒಬ್ಬನರ ಆಕಿನ್ನ ಒಂದ್ ಮಾತ್ ಕೇಳಬೇಕಿತ್ತು."

ನನ್ನ ತಲೆ ಆಗಲೂ ವಾದ ಮಾಡ್ತು. ಕೇಳ್ತಾನಲ್ಲ! ಆಭರಣ ಎಲ್ಲಿ ಅಂತ ಕೇಳ್ತಾನೆ, ಒಥೆಲೋನೂ ಕರವಸ್ತ್ರ ಎಲ್ಲಿ ಅಂತ ಕೇಳ್ತಾನೆ. ಆದರೆ ಆ ಹೊತ್ತಿಗೆ ತೀರ್ಪು ಬರೆದು ಮುಗಿದಿರುತ್ತೆ. ಅವಳು "ಇದೆ" ಅಂದ್ರೆ ಸುಳ್ಳಿ, "ಕಳೆದುಹೋಯ್ತು" ಅಂದ್ರೆ ಕಳ್ಳಿ. "ನನಗೆ ಹೀಗೆ ಅನುಮಾನ ಬಂದಿದೆ, ನನಗೆ ಹೆದರಿಕೆ ಆಗ್ತಿದೆ, ಏನಿದು ಹೇಳು" ಅನ್ನೋ ಪ್ರಶ್ನೆ ಮಾತ್ರ ಅವರ ಬಾಯಿಂದ ಬರಲ್ಲ. ಅದನ್ನ ಕೇಳಬೇಕಾದ್ರೆ ತನ್ನ ಅಳುಕನ್ನ ಹೇಳ್ಕೋಬೇಕು.

ನಮ್ಮ ಮಾಳಿಗೆಯಿಂದ ಕೋಟೆ ಗೋಡೆ ಕಾಣುತ್ತೆ. ಅದನ್ನ ನೋಡ್ತಾ ನನಗೆ ನಮ್ಮೂರಿನದೇ ಒಂದು ಕಥೆ ನೆನಪಾಯ್ತು. 1406ರಲ್ಲಿ ವಿಜಯನಗರದ ಒಂದನೇ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಷಾನಿಗೂ ಆದ ಯುದ್ಧವನ್ನ ಇತಿಹಾಸದ ಪುಸ್ತಕಗಳು ಅಕ್ಕಸಾಲಿಗನ ಮಗಳ ಯುದ್ಧ ಅಂತ ಕರೀತಾವೆ. ಆ ಅಕ್ಕಸಾಲಿಗ ಮುದಗಲ್ ಸೀಮೆಯವನು, ಮಗಳ ಹೆಸರು ಪರ್ತಾಲ್. ಇದನ್ನ ಬರೆದವನು ಫರಿಶ್ತಾ, ಅದೂ ಇನ್ನೂರು ವರ್ಷ ಆದ ಮೇಲೆ, ಬಿಜಾಪುರದಲ್ಲಿ ಕೂತು. ಹೆಚ್ಚುಕಮ್ಮಿ ಲಂಡನ್ನಿನಲ್ಲಿ ಒಥೆಲೋ ಹುಟ್ಟಿದ ವರ್ಷಗಳಲ್ಲೇ! ಅವನು ಹೇಳೋ ಪ್ರಕಾರ ರಾಜ ಹುಡುಗಿಯ ಚೆಲುವಿನ ಸುದ್ದಿ ಕೇಳಿ ಬ್ರಾಹ್ಮಣನೊಬ್ಬನ ಕೈಯಲ್ಲಿ ಒಡವೆ ಕಳಿಸಿದ. ಅಪ್ಪ ಅಮ್ಮ ಹಿಗ್ಗಿದರು. ಕೊರಳಿಗೆ ಹಾರ ಹಾಕೋಕೆ ಹೋದಾಗ ಹುಡುಗಿ ಕುತ್ತಿಗೆ ಹಿಂದಕ್ಕೆ ಎಳ್ಕೊಂಡಳು. ಆ ಅಂತಃಪುರಕ್ಕೆ ಹೋದವಳು ಮತ್ತೆ ತನ್ನವರ ಮುಖ ನೋಡುವ ಹಾಗಿಲ್ಲ, ನನಗೆ ಬೇಡ ಅಂದಳು. ದೇವರಾಯ ಆ ಉತ್ತರ ಒಪ್ಪಲಿಲ್ಲ. ಸೈನ್ಯ ಕಳಿಸಿದ. ಯುದ್ಧವಾಯ್ತು, ಸೋತ, ಕೊನೆಗೆ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟು ಮದುವೆ ಮಾಡಬೇಕಾಯ್ತು. ಆ ಮಗಳನ್ನ ಯಾರು ಕೇಳಿದ್ರು ಅಂತ ಫರಿಶ್ತಾ ಬರೆದಿಲ್ಲ.

ಡಾಬು, ಕರವಸ್ತ್ರ, ರೇಷ್ಮೆ ಬಟ್ಟೆ, ಕೊರಳ ಹಾರ. ವಸ್ತು ಯಾವುದಾದ್ರೂ ಇರಲಿ, ಅದರ ಮಾತನ್ನ ನಂಬಿದವರು ಎದುರಿಗಿದ್ದ ಹೆಂಗಸಿನ ಮಾತನ್ನ ನಂಬಲಿಲ್ಲ.

ಇಷ್ಟೆಲ್ಲ ಬರೆಯೋಕೆ ನನಗೆ ಯೋಗ್ಯತೆ ಇದೆಯಾ? ಹೇಳಿಬಿಡ್ತೀನಿ.

ಓಂಕಾರದಲ್ಲಿ ಒಂದು ದೃಶ್ಯ ಇದೆ. ಲಂಗಡಾ ಕೇಸುವಿನ ಹತ್ತಿರ ಬಿಲ್ಲೋ ಬಗ್ಗೆ ಮಾತಾಡಿಸ್ತಾನೆ, ಕೇಳಿಸಿಕೊಳ್ತಿರೋ ಓಂಕಾರ ಅದು ಡಾಲಿ ಬಗ್ಗೆ ಅಂದ್ಕೊಳ್ತಾನೆ. ನಾಟಕದಲ್ಲಿ ಮರೆಯಲ್ಲಿ ನಿಂತು ನೋಡೋ ಪ್ರಸಂಗ ಅದು, ಸಿನಿಮಾದಲ್ಲಿ ಆ ಕೆಲಸ ಮೊಬೈಲ್ ಫೋನ್ ಮಾಡುತ್ತೆ. ಮಾತು ನಿಜವೇ, ಆದರೆ ಅರ್ಧ ಮಾತ್ರ. ಆ ದೃಶ್ಯ ಬಂದಾಗ ನಾನು ಹೆಂಡತಿಯ ಮುಖ ನೋಡಲಿಲ್ಲ.

ಎರಡು ವರ್ಷದ ಹಿಂದೆ ಅವಳು ರಾತ್ರಿ ಒಂದು ಗಂಟೆಯ ತನಕ ಫೋನಿನಲ್ಲಿ ಇರ್ತಿದ್ದಳು. ನಾನು ಹೋದ್ರೆ ಪರದೆ ಆರಿಸ್ತಿದ್ದಳು. ನನ್ನ ಕೆಲಸವೇ ಲಾಗ್ ಓದೋದು. ಸರ್ವರ್ ಯಾವಾಗ ಬಿತ್ತು, ಅದಕ್ಕೂ ಮೊದಲು ಏನಾಯ್ತು, ಅದಕ್ಕೂ ಮೊದಲು ಏನಾಯ್ತು ಅಂತ ಸಾಲು ಸಾಲು ಹಿಡಿದು ಹಿಂದೆ ಹೋಗೋದು. ಅದೇ ಅಭ್ಯಾಸದಲ್ಲಿ 'ಲಾಸ್ಟ್ ಸೀನ್' ಸಮಯ ನೋಡೋಕೆ ಶುರು ಮಾಡಿದೆ. ಮನಸ್ಸಿನಲ್ಲೇ ಪಟ್ಟಿ ಬೆಳೀತು. ಆಫೀಸಿನ ಒಬ್ಬ ಗೆಳೆಯನ ಹತ್ತಿರ ಚಹಾ ಕುಡೀತಾ ಸುಮ್ಮನೆ ಕೇಳಿದೆ. ಅವನು ಕೆಟ್ಟವನಲ್ಲ. "ನಾನ್ ಏನೂ ಹೇಳಲ್ಲ ಬಿಡು ಮಗಾ" ಅಂದ, ಅಷ್ಟೇ. ಲಂಗಡಾ ತ್ಯಾಗಿಯೂ ಹೀಗೇ ಶುರು ಮಾಡೋದು, ಹೇಳದೆ ಬಿಟ್ಟು. ಉಳಿದದ್ದನ್ನ ನಾನೇ ತುಂಬಿಸ್ಕೊಂಡೆ.

ಒಂದು ರಾತ್ರಿ ಅವಳು ಮಲಗಿದ ಮೇಲೆ ಫೋನ್ ತೆಗೆದೆ. ಪಿನ್ ನನಗೆ ಗೊತ್ತಿತ್ತು, ನಮ್ಮ ಮದುವೆಯ ತಾರೀಖು. ಅವಳು ಯಾವತ್ತೂ ಮುಚ್ಚಿಟ್ಟಿರಲಿಲ್ಲ. ಸಿಕ್ಕಿದ್ದು ಇಷ್ಟು: ಅವಳ ಕಂಪನಿಯಲ್ಲಿ ಜನರನ್ನ ತೆಗೀತಿದ್ರು, ಪಟ್ಟಿಯಲ್ಲಿ ಇವಳ ಹೆಸರೂ ಇತ್ತು. ವಿದೇಶದಲ್ಲಿದ್ದ ಹಳೇ ಸಹೋದ್ಯೋಗಿಯೊಬ್ಬರು ರಾತ್ರಿ ಹೊತ್ತು ಅವಳಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸ್ತಿದ್ರು. ಆಗಷ್ಟೇ ಮನೆ ಸಾಲ ತಗೊಂಡಿದ್ವಿ, ನಾನು ದಿನಾ ಇಎಂಐ ಲೆಕ್ಕ ಹಾಕ್ತಾ ಕೂರ್ತಿದ್ದೆ. ನನಗೆ ಹೇಳೋಕೆ ಹೆದರಿದ್ದಳು. ತಿಂಗಳೊಳಗೆ ಬೇರೆ ಕೆಲಸ ಸಿಕ್ತು, ಆಮೇಲೆ ಎಲ್ಲ ಹೇಳಿದಳು. ನಾನು ಆಶ್ಚರ್ಯ ಪಟ್ಟ ಹಾಗೆ ನಟಿಸಿದೆ. ಜಾತ್ರೆಯಲ್ಲಿ ಮಾಡಿದ್ರೆ ಚಪ್ಪಾಳೆ ಬೀಳ್ತಿತ್ತು.

ನನಗೂ ಓಂಕಾರನಿಗೂ ಭೂಮಿ ಆಕಾಶದ ಅಂತರ, ಕೈ ಎತ್ತಿಲ್ಲ, ಬೈದಿಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಆದರೆ ಆ ರಾತ್ರಿ ಫೋನಿನಲ್ಲಿ ಬೇರೇನೋ ಸಿಕ್ಕಿದ್ರೆ? ಸಿಕ್ಕಿದ್ದು ಅರ್ಧ ಮಾತಾಗಿದ್ರೆ? ನಾನು ಕೇಳ್ತಿದ್ದೆನಾ, ತೀರ್ಪು ಕೊಡ್ತಿದ್ದೆನಾ? ನನಗೆ ಉತ್ತರ ಗೊತ್ತಿಲ್ಲ. ಅದೇ ಭಯ.

ಮಾಳಿಗೆ ಮೇಲೆ ಅವ್ವನಿಗೂ ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಹೇಳಿದೆ. "ಎರಡ್ ವರ್ಷದ ಹಿಂದ ಒಂದ್ ರಾತ್ರಿ ನಿನ್ನ ಫೋನ್ ತಗದು ನೋಡಿದ್ದೆ."

ಅವಳು ನಕ್ಷತ್ರ ನೋಡ್ತಾ ಮಲಗಿದ್ದಳು. "ಗೊತ್ತಿತ್ತು" ಅಂದಳು.

"ಹ್ಯಾಂಗ?"

"ನಾ ಯಾವಾಗ್ಲೂ ಫೋನ್ ಬೋರಲ ಇಡ್ತೀನಿ. ಮುಂಜಾನಿ ಎದ್ದಾಗ ಅಂಗಾತ ಇತ್ತು."

ಲಾಗ್ ಓದೋದು ನನ್ನ ಕೆಲಸ ಅಂದ್ಕೊಂಡಿದ್ದೆ.

"ಮತ್ತ ಯಾಕ ಕೇಳಲಿಲ್ಲ?" ಅಂದೆ. "ನೀವ ಹೇಳ್ತೀರೇನೋ ಅಂತ ದಾರಿ ನೋಡಿದೆ" ಅಂದಳು. ಆಮೇಲೆ, "ಏನಾಗೇತಿ ಅಂತ ಅವತ್ತ ಒಂದ್ ಮಾತ್ ಕೇಳಿದ್ರ ಹೇಳಿಬಿಡ್ತಿದ್ದೆ ರೀ. ಹೇಳಾಕ ನನಗೂ ಯಾರರ ಬೇಕಾಗಿತ್ತು. ಒಬ್ಬಾಕೀನ ಭಾಳ ಹೆದರಿದ್ದೆ ಆಗ" ಅಂತ ಆ ಕಡೆ ಹೊರಳಿದಳು.

ನಾನು ಕ್ಷಮೆ ಕೇಳಿದೆ. "ಹ್ಞೂಂ" ಅಂದಳು. ಮುಗೀತು ಅನ್ನೋ ಹ್ಞೂಂ ಅಲ್ಲ ಅದು, ಇನ್ನೂ ಮಾತಿದೆ ಅನ್ನೋ ಹ್ಞೂಂ. ಮದುವೆಯಾದವರಿಗೆ ವ್ಯತ್ಯಾಸ ಗೊತ್ತಿರುತ್ತೆ.

ಮರುದಿನ ಬೆಳಿಗ್ಗೆ ಬಿಸಿಲು ಏರೋ ಮೊದಲು ಇಬ್ಬರೂ ಕೋಟೆ ಕಡೆ ಹೋದ್ವಿ. ಪರ್ತಾಲ್ ಕಥೆ ಹೇಳಿದೆ. ಅವಳು ಸಿಂಧನೂರಿನವಳು, ಇಷ್ಟು ಹತ್ತಿರ ಇದ್ದೂ ಈ ಕಥೆ ಕೇಳಿರಲಿಲ್ಲ. ಪೂರ್ತಿ ಕೇಳಿ, "ಇದನ್ಯಾಕ ಯಾರೂ ಸಿನಿಮಾ ಮಾಡಿಲ್ಲ?" ಅಂದಳು. "ಈಗಿನ ಕಾಲಕ್ಕ ತಂದು ಮಾಡಬೇಕು" ಅಂದೆ. "ಈಗಿನ ಕಾಲಕ್ಕ ತರಾದೇನೈತಿ, ಹಾರದ ಬದಲು ಫೋನ್ ಇಟ್ರ ಮುಗೀತು" ಅಂದಳು. ನನಗೆ ಚುಚ್ಚಿದ್ದು ಅಂತ ಗೊತ್ತಾಯ್ತು. ಸುಮ್ಮನೆ ಚುಚ್ಚಿಸ್ಕೊಂಡೆ.

ಈ ಅಂಕಣ ಕಳಿಸೋ ಮೊದಲು ಅವಳಿಗೆ ಓದೋಕೆ ಕೊಟ್ಟೆ. ಕೊಡಬೇಕಲ್ಲ, ಇದು ಅವಳ ಕಥೆಯೂ ಹೌದು. ಒಂದು ಕಡೆ 'ಅವಳು ಗುಟ್ಟಾಗಿ ಮಾತಾಡ್ತಿದ್ದಳು' ಅಂತ ಬರೆದಿದ್ದೆ. ಅದನ್ನ ಹೊಡೆದು ಹಾಕಿ, 'ಹೇಳೋಕೆ ಹೆದರಿದ್ದಳು' ಅಂತ ತಿದ್ದಿ ಕೊಟ್ಟಳು.

ಹಾಗೇ ಬಿಟ್ಟಿದ್ದೀನಿ.